ಆಗ್ನೇಯಕ್ಕೆ ಒಂದು ಬೇವಿನ ಟೊಂಗೆ

ಆ ಛತ್ರಿಯನ್ನು ನಾನು ಮೊದಲು ಕೂರಿಸಬೇಕೆಂದಿದ್ದು ಊರಿನ ಸಮುದಾಯ ಭವನದ ಮೇಲೆ. ಸಾರ್ವಜನಿಕ ವಸ್ತು ಸಾರ್ವಜನಿಕ ಸ್ಥಳದಲ್ಲಿಯೇ ಇರಬೇಕೆಂಬುದು ನನ್ನ ವಾದವಾಗಿತ್ತು. ಆ ವಾದಕ್ಕೆ ಊರಿನಲ್ಲಿ ಯಾರೂ ಎದುರಾಡಲಿಲ್ಲ. ಆದರೆ ಯಾರಿಗಾಗಿ ಅದನ್ನು ಬಸ್ಸಿನ ಮೇಲೆ ಹೇರಿಕೊಂಡು ತಂದಿದ್ದೆನೋ ಆ ಹೆಣ್ಣುಮಗಳು ಭವನದ ಮೆಟ್ಟಿಲು ಹತ್ತುವಂತಿರಲಿಲ್ಲ. ಮಧ್ಯಾಹ್ನವಾದರೆ ಅಲ್ಲಿ ಗಂಡಸರು ಇಸ್ಪೀಟು ಹಾಸಿಕೊಂಡು ಕೂರುತ್ತಿದ್ದರು. ಹೀಗಾಗಿ ಛತ್ರಿ ಅವಳ ಮನೆಯ ಮಾಳಿಗೆಗೇ ಹೋಯಿತು.

ಎರಡು ಸಾವಿರದ ದಶಕದ ನಡುಭಾಗವದು. ತಿಂಗಳ ಬಾಡಿಗೆ ಕಟ್ಟದೆ ನೋಡಬಹುದಾದ ಡಿಜಿಟಲ್ ಟಿವಿ ಆಗಷ್ಟೇ ನಮ್ಮ ಕಡೆಯ ಹಳ್ಳಿಗಳಿಗೆ ಬರತೊಡಗಿತ್ತು. ಉಪಗ್ರಹದ ಕಡೆಗೆ ಮುಖಮಾಡಿ ಕೂರುವ ಆ ತಟ್ಟೆಯನ್ನು ಜನ ಛತ್ರಿಯೆಂದೇ ಕರೆದರು. ಅದರಲ್ಲಿ ಬರುತ್ತಿದ್ದ ಒಂದು ಶೈಕ್ಷಣಿಕ ವಾಹಿನಿಯಲ್ಲಿ ಮಧ್ಯಾಹ್ನ ಮೂರಕ್ಕೆ ಹತ್ತನೆಯ ತರಗತಿಯ ಗಣಿತವನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಸಿಂದಗಿ ತಾಲ್ಲೂಕಿನ ಕೆಲವು ಊರುಗಳಲ್ಲಿ ಓದು ಬಿಟ್ಟ ಹೆಣ್ಣುಮಕ್ಕಳನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಕೆಲಸ ನನ್ನದು. ಆಲಮೇಲದಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ಸಿಗುವ ಈ ಊರಿನಲ್ಲಿ ನನ್ನ ಪಟ್ಟಿಯಲ್ಲಿದ್ದವಳು ಒಬ್ಬಳೇ.

ಅವಳು ಆ ಮನೆಯ ಸೊಸೆ. ಹತ್ತನೆಯಲ್ಲಿ ಗಣಿತವೊಂದರಲ್ಲಿ ನಪಾಸಾಗಿ, ಆ ಬೇಸಿಗೆಯಲ್ಲೇ ಮದುವೆಯಾಗಿ ಬಂದಿದ್ದಳು. ಗಂಡ ಕಬ್ಬಿನ ಹಂಗಾಮು ಮುಗಿಯುವವರೆಗೆ ಟ್ರ್ಯಾಕ್ಟರಿನ ಮೇಲೆಯೇ ಇರುವವನು. ಮನೆಯಲ್ಲಿ ಅತ್ತೆ, ಇವಳು ಮತ್ತು ನಾಲ್ಕು ವರ್ಷದ ಮಗ. ಊರ ಅಂಗನವಾಡಿಗೆ ಹೊಸ ಕಾರ್ಯಕರ್ತೆಯನ್ನು ತೆಗೆದುಕೊಳ್ಳುವುದಿತ್ತು. ಹತ್ತನೆಯದು ಪಾಸಾದವರು ಮಾತ್ರ ಅರ್ಜಿ ಹಾಕಬಹುದಿತ್ತು. ಪೂರಕ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಅರ್ಜಿಯ ಅವಧಿ ಮುಗಿದುಹೋಗುತ್ತಿತ್ತು. ಆದ್ದರಿಂದ ಯುಗಾದಿಯ ನಂತರದ ಆ ಒಂದು ದಿನ, ಆ ಒಂದು ಪತ್ರಿಕೆ, ಅವಳಿಗೆ ಸಿಗಬಹುದಾದ ಒಂದೇ ಅವಕಾಶವಾಗಿತ್ತು.

ಸಿಂದಗಿಯ ಮೆಕ್ಯಾನಿಕ್ ನನಗೆ ಚೀಟಿಯೊಂದರ ಮೇಲೆ ಎರಡು ಸಂಖ್ಯೆ ಬರೆದುಕೊಟ್ಟಿದ್ದ: ದಿಕ್ಕು ಆಗ್ನೇಯ, ಉತ್ತರದಿಂದ ನೂರ ಮೂವತ್ತು ಡಿಗ್ರಿ; ನೆಲದಿಂದ ಏರು ಅರವತ್ತು ಡಿಗ್ರಿ. ಅಷ್ಟಿದ್ದರೆ ಯಾರಾದರೂ ಕೂರಿಸಬಹುದೆಂದು ನಾನು ಭಾವಿಸಿದ್ದೆ.

ನಮ್ಮ ಕಡೆ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಒಂದರ ಮೇಲೆ ನಿಂತರೆ ನಾಲ್ಕು ಮನೆಗಳ ಅಂಗಳ ಕಾಣುತ್ತದೆ. ಹೆಂಗಸರು ಸ್ನಾನಕ್ಕೋ ಕೆಲಸಕ್ಕೋ ಅಂಗಳದಲ್ಲಿರುವುದರಿಂದ ಏಣಿ ಹತ್ತುವ ಮೊದಲು ಕೂಗಿ ತಿಳಿಸುವುದು ಪದ್ಧತಿ. ಆ ದಿನ ಅತ್ತೆ ಹೊರಗೆ ಬಂದು, ಸೆರಗು ಸರಿಮಾಡಿಕೊಂಡು, ಕೂಗು ಹಾಕಿದರು.

"ಮಾಳಿಗಿ ಏರಾಕತ್ತೇವ್ರೀ! ಒಳಗ ಆಗ್ರೆವ್ವಾ ಎಲ್ಲಾರೂ!"

ಪಕ್ಕದ ಮನೆಯಿಂದ ಬಳೆ ವ್ಯಾಪಾರದ ಚಾಚಾನ ದನಿ ಬಂತು. "ಆದ್ರು ತಗೋರಿ ಅಕ್ಕಾರ! ನಮ್ಮ ಹುಂಜಾ ಸೈತ ಬುಟ್ಟಿ ಕೆಳಗ ಹೊಕ್ಕೈತಿ!"

"ನಿಮ್ಮ ಹುಂಜಕ್ಕಿರೋ ಮರ್ಯಾದಿ ನಿಮಗಿಲ್ಲ ಚಾಚಾ," ಎಂದು ಅತ್ತೆ ನಕ್ಕರು. "ಹೊರಗ ನಿಂತು ನೋಡಾಕತ್ತೀರಿ."

"ಛತ್ರಿ ನೋಡಾಕತ್ತೇನ್ರಿ. ಮಳಿಗಾಲ ಇನ್ನೂ ದೂರ ಐತಿ, ಸಾಹೇಬ್ರು ಈಗ ಛತ್ರಿ ತಂದಾರ."

ಮಣ್ಣಿನ ಮಾಳಿಗೆಯಲ್ಲಿ ಕೊಳವೆ ಹುಗಿದರೆ ಮಳೆನೀರು ಅದರ ಗುಂಟ ಒಳಗಿಳಿಯುತ್ತದೆ. ಆದ್ದರಿಂದ ಅಂಚಿನ ಕಲ್ಲುಗೋಡೆಗೆ ಪಟ್ಟಿ ಬಡಿದು ಕೊಳವೆ ನಿಲ್ಲಿಸಿದೆ. ಗಾರೆಕೆಲಸದ ಗೌಂಡಿಯಿಂದ ದಾರ ಕಟ್ಟಿದ ತೂಕದ ಗುಂಡು ತಂದು ನೆಟ್ಟಗಿದೆಯೆಂದು ಖಚಿತಪಡಿಸಿಕೊಂಡೆ. ಬಳಿಕ ದಿಕ್ಸೂಚಿ ಹಿಡಿದೆ. ಅದರ ಮುಳ್ಳು ಪ್ರತಿ ಸಲವೂ ಬೇರೆ ಬೇರೆ ಉತ್ತರ ತೋರಿಸಿತು. ಕಬ್ಬಿಣದ ಕೊಳವೆಯ ಪಕ್ಕದಲ್ಲೇ ಅದನ್ನು ಹಿಡಿದಿದ್ದೇನೆಂಬುದು ಹೊಳೆಯುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು. ಹತ್ತು ಹೆಜ್ಜೆ ಹಿಂದೆ ನಿಂತು ಗುರಿ ನೋಡಿ, ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದೆ.

ಏರುಕೋನದಲ್ಲಿಯೂ ಎಡವಿದೆ. ತಟ್ಟೆಯನ್ನೇ ಅರವತ್ತು ಡಿಗ್ರಿ ವಾಲಿಸಿ ಕೂರಿಸಿದ್ದೆ. ಮೆಕ್ಯಾನಿಕ್‌ನ ಚೀಟಿಯ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಇನ್ನೊಂದು ಮಾತಿತ್ತು: ಈ ಬಗೆಯ ತಟ್ಟೆ ತನ್ನ ಮುಖಕ್ಕಿಂತ ಇಪ್ಪತ್ತೈದು ಡಿಗ್ರಿ ಮೇಲಿನಿಂದ ಬರುವುದನ್ನು ಹಿಡಿಯುತ್ತದೆ. ಅದನ್ನು ಓದಿದವಳು ಸೊಸೆ.

"ಸರ, ಹಂಗಾದ್ರ ಅರವತ್ತರಾಗ ಇಪ್ಪತ್ತೈದು ಕಳೀಬೇಕಲ್ರಿ? ಮೂವತ್ತೈದು ವಾಲಿಸಿದ್ರ ಸಾಕು."

ಅವಳು ಒಳಗೆ ಹೋಗಿ ತನ್ನ ಹಳೆಯ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದಳು. ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ಹುಣಸೆ ಬೀಜ ಪೋಣಿಸಿ ನನ್ನ ಕೈಗಿತ್ತಳು. ತಟ್ಟೆಯ ಅಂಚಿಗೆ ಅದನ್ನು ಹಿಡಿದು ದಾರ ಮೂವತ್ತೈದರ ಮೇಲೆ ನಿಲ್ಲುವಂತೆ ತಿರುಪುಮೊಳೆ ಬಿಗಿದೆ. ಆ ಕೋನಮಾಪಕ ನನ್ನ ಚೀಲದಲ್ಲಿಯೇ ಉಳಿಯಿತು. ಕೊಡಬೇಕೆಂದು ಪ್ರತಿ ಸಲ ನೆನೆದು ಪ್ರತಿ ಸಲ ಮರೆತೆ.

ಮಾರನೆಯ ದಿನ ಮನೆಯ ಟಿವಿಗೆ ಸೆಟ್‌ಟಾಪ್ ಪೆಟ್ಟಿಗೆ ಜೋಡಿಸಿ ಹಚ್ಚಿದಾಗ ಪರದೆಯ ಮೇಲೆ ಎರಡು ಪಟ್ಟಿಗಳು ಮೂಡಿದವು. ಒಂದು ಸಂಕೇತದ ಬಲ, ಇನ್ನೊಂದು ಅದರ ಗುಣಮಟ್ಟ. ಬಲದ ಪಟ್ಟಿ ಮುಕ್ಕಾಲು ತುಂಬಿದೆಯೆಂದು ಸೊಸೆ ಕೆಳಗಿನಿಂದ ಹೇಳಿದಳು. ನಾನು ಮಾಳಿಗೆಯ ಮೇಲಿಂದಲೇ ಗೆದ್ದೆವೆಂದು ಘೋಷಿಸಿದೆ. ಚಿತ್ರ ಬರಲಿಲ್ಲ. ಆಲಮೇಲದ ದೂರವಾಣಿ ಬೂತಿನಿಂದ ಮೆಕ್ಯಾನಿಕ್‌ನನ್ನು ಕೇಳಿದರೆ ಅವನು ನಕ್ಕ.

"ಬಲ ಅಂದ್ರ ಬರೇ ಗದ್ದಲರಿ ಸರ. ವಾಯರ್ ಹಚ್ಚಿದ್ರ ಅದು ತಾನ ಏರ್ತೈತಿ. ಕೆಳಗಿನ ಪಟ್ಟಿ ಏರಬೇಕು, ಅದು ಏರಿದ್ರ ಖರೆ."

ಕೆಳಗಿನ ಪಟ್ಟಿಗಾಗಿ ಎರಡು ದಿನ ಹೆಣಗಿದೆವು. ನಾನು ಮೇಲೆ ತಟ್ಟೆ ತಿರುಗಿಸುವುದು, ಸೊಸೆ ಟಿವಿಯ ಮುಂದೆ ಕೂತು ಹೇಳುವುದು, ಬಾಗಿಲಲ್ಲಿ ನಿಂತ ಅತ್ತೆ ಅದನ್ನು ನನಗೆ ಕೂಗಿ ಮುಟ್ಟಿಸುವುದು. "ಬಂತು" ಎಂಬ ಕೂಗು ನನಗೆ ಕೇಳಿಸುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಹಳೆಯ ಆಂಟೆನಾದಲ್ಲಿ ಚುಕ್ಕೆಗಳ ನಡುವೆಯಾದರೂ ಮನುಷ್ಯರು ಕಾಣುತ್ತಿದ್ದರು. ಅದನ್ನು ನೋಡಿಕೊಂಡು ಸುಧಾರಿಸಬಹುದಿತ್ತು. ಇದರಲ್ಲಿ ಚಿತ್ರ ಬಂದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು ಪರದೆ.

"ಸರ, ನೀವು ಭಾಳ ಅವಸರ ಮಾಡಾಕತ್ತೀರಿ," ಎಂದು ಕೊನೆಗೆ ಸೊಸೆಯೇ ಅಂಗಳಕ್ಕೆ ಬಂದು ಹೇಳಿದಳು. "ಪೆಟಗಿ ತಡಾ ಮಾಡಿ ತೋರಸ್ತೈತ್ರಿ. ಒಂದು ಕೂದಲಷ್ಟು ತಿರುವಿ, ಐದು ಎಣಿಸ್ರಿ. ಆಮ್ಯಾಲ ಮತ್ತೊಂದು ಕೂದಲು."

ಹಾಗೆಯೇ ಮಾಡಿದೆ. ತಿರುವುವುದು, ಕೈ ಬಿಡುವುದು, ಐದು ಎಣಿಸುವುದು. ಹನ್ನೊಂದನೆಯ ಸಲ ಕೆಳಗಿನ ಪಟ್ಟಿ ಒಮ್ಮೆಲೇ ಎದ್ದಿತು. ಕೆಳಗಿನಿಂದ ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ ಕೂಗಿದರು. ನಾನು ಇಳಿದು ಬಂದಾಗ ಪರದೆಯ ಮೇಲೆ ಒಬ್ಬ ಅಧ್ಯಾಪಕರು ವೃತ್ತವೊಂದಕ್ಕೆ ಸ್ಪರ್ಶಕ ಎಳೆಯುತ್ತಿದ್ದರು. ಅವರ ಕೈಯ ಸೀಮೆಸುಣ್ಣದ ಪುಡಿ ಉದುರುವುದೂ ಕಾಣುತ್ತಿತ್ತು. ಸೊಸೆ ಆಗಲೇ ನೋಟ್‌ಬುಕ್ ತೆರೆದು ಬರೆಯುತ್ತಿದ್ದಳು.

ಮನೆಯ ಆಗ್ನೇಯಕ್ಕೆ, ಗೋಡೆಯಾಚೆ, ಗ್ರಾಮದೇವತೆ ದ್ಯಾಮವ್ವನ ಕಟ್ಟೆ. ಕಟ್ಟೆಯ ಮೇಲೆ ದೊಡ್ಡದೊಂದು ಬೇವು. ಆಗ ಮಾಘ ಮಾಸದ ಕೊನೆ. ಬೇವು ಎಲೆಯುದುರಿಸಿ ಬರಿಯ ಕೊಂಬೆಗಳಲ್ಲಿ ನಿಂತಿತ್ತು. ಸೊಸೆಯ ಹಿಂದೆ ನಿಂತು ಚಿತ್ರ ನೋಡುತ್ತಿದ್ದ ಅತ್ತೆ, ಹೊರಗೆ ಬಂದು ಛತ್ರಿಯನ್ನೂ ಗಿಡವನ್ನೂ ಒಮ್ಮೆ ನೋಡಿ ಕೇಳಿದರು:

"ಮಾಸ್ತರ್ರ, ಬೇವು ಚಿಗಿತಂದ್ರ ಇದಕ್ಕ ಅಡ್ಡ ಆಗೂದಿಲ್ಲೇನ್ರಿ?"

ನನ್ನಲ್ಲಿ ಉತ್ತರ ಸಿದ್ಧವಿತ್ತು. "ಅವ್ವಾರ, ಇದು ಕಣ್ಣಲೆ ನೋಡೂದಲ್ಲ. ರೇಡಿಯೋ ಮನಿ ಒಳಗ ಹಚ್ಚಿದ್ರೂ ಹಾಡತೈತಿಲ್ಲೋ? ಗೋಡಿ ದಾಟಿ ಬರೂದಕ್ಕ ಎಲಿ ಏನು ಲೆಕ್ಕ?"

"ನೀವು ಕಲ್ತವರದೀರಿ," ಎಂದರು ಅವರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಪಳಗಿದ್ದು ಇಂಥ ಉತ್ತರಗಳಲ್ಲಿಯೇ: ಕೇಳಿದವರಿಗೆ ಮರುಮಾತು ಸಿಗದಂಥ ಒಂದು ಹೋಲಿಕೆ. ಆ ಹೋಲಿಕೆ ತಪ್ಪಾಗಿತ್ತು. ರೇಡಿಯೋದ ಅಲೆ ಗೋಡೆಗಳನ್ನು ದಾಟುವಂಥದ್ದು. ಉಪಗ್ರಹದಿಂದ ಬರುವ ಸಣ್ಣ ಅಲೆಯನ್ನು ನೀರು ತುಂಬಿದ ಹಸಿ ಎಲೆಗಳು ನುಂಗಿಬಿಡುತ್ತವೆ. ಅದನ್ನು ನಾನು ತಿಳಿದಿರಲಿಲ್ಲ, ಯಾರನ್ನೂ ಕೇಳಿರಲೂ ಇಲ್ಲ.

ಮೂರು ವಾರ ಪಾಠಗಳು ತಪ್ಪದೆ ನಡೆದವು. ಪರೀಕ್ಷೆಗೆ ಇನ್ನೂ ಮೂರು ವಾರವಿರುವಾಗ ಬೇವಿನ ತುದಿಗಳಲ್ಲಿ ಕೆಂಪು ಚಿಗುರು ಕಾಣಿಸಿತು. ಮೊದಲು ಗಾಳಿ ಬೀಸಿದಾಗ ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಅಧ್ಯಾಪಕರ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಚಿಗುರು ಹಸಿರಾಗುತ್ತಿದ್ದಂತೆ ಪರದೆ ಕಪ್ಪಾಯಿತು. ನಾನು ಎರಡು ದಿನ ತಿರುಪುಮೊಳೆಗಳನ್ನು ಸಡಿಲಿಸಿ ಬಿಗಿದೆ, ವಾಯರಿನ ತುದಿ ಕತ್ತರಿಸಿ ಹೊಸದಾಗಿ ಜೋಡಿಸಿದೆ. ಮೂರನೆಯ ದಿನ ಸಿಂದಗಿಯಿಂದ ಮೆಕ್ಯಾನಿಕ್ ಬಂದ. ಏಣಿಯನ್ನೇ ಹತ್ತದೆ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

"ಛತ್ರಿ ಬರೋಬರಿ ಐತ್ರಿ ಸರ. ಗಿಡಾ ತುಂಬೈತಿ ಅಷ್ಟ. ಈ ಮಾಳಿಗಿ ಮ್ಯಾಲ ಎಲ್ಲಿಟ್ರೂ ಅದರ ಹಿಂದ ಬರ್ತೈತಿ. ಆ ಚಾಚಾರ ಮಾಳಿಗಿಗೆ ಒಯ್ರಿ, ಅಲ್ಲಿಂದ ಆಕಾಶ ಬಿಚ್ಚಿ ಕಾಣತೈತಿ."

ಚಾಚಾ ತನ್ನ ಬಾಗಿಲಲ್ಲೇ ನಿಂತಿದ್ದ. "ಇಡ್ರಿ ಸಾಹೇಬ್ರ, ಅದೇನು ಕೇಳೂ ಮಾತ? ನಮ್ಮ ಕೋಳಿಗೋಳಿಗೆ ನೆಳ್ಳರ ಆಗ್ತೈತಿ."

ಬೇಕಾಗಿದ್ದುದು ಉದ್ದನೆಯ ಒಂದು ವಾಯರು ಮಾತ್ರ. ಸಿಂದಗಿಯ ಅಂಗಡಿಯಲ್ಲಿ ಅಷ್ಟುದ್ದದ್ದು ಮುಗಿದಿತ್ತು. ಬಿಜಾಪುರದಿಂದ ತರಿಸಲು ನಾಲ್ಕು ದಿನ. ತುಂಡುಗಳನ್ನು ಗಂಟು ಹಾಕಿದರೆ ಗುಣಮಟ್ಟ ಬೀಳುತ್ತದೆಂದು ಮೆಕ್ಯಾನಿಕ್ ಹೇಳಿದ. ನಾಲ್ಕು ದಿನವೆಂದರೆ ನಾಲ್ಕು ಪಾಠಗಳು, ಅವು ತ್ರಿಕೋನಮಿತಿಯ ಪಾಠಗಳು. ಇನ್ನೊಂದು ಕಡೆ, ಛತ್ರಿಗೆ ಅಡ್ಡವಾಗಿದ್ದುದು ಬೇವಿನ ಒಂದೇ ಒಂದು ಟೊಂಗೆ.

ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ನಾಲ್ಕು ಪಾಠಗಳ ಆತಂಕ ನಿಜವಾದದ್ದೇ ಆಗಿತ್ತು, ಆದರೆ ಅದಷ್ಟೇ ಆಗಿರಲಿಲ್ಲ. ಟೊಂಗೆ ಕಡಿಯೋಣವೆಂದಾಗ, ದ್ಯಾಮವ್ವನ ಗಿಡಕ್ಕೆ ಕಬ್ಬಿಣ ಮುಟ್ಟಿಸಬಾರದೆಂದು ಊರಿನವರು ಹೇಳಿದೊಡನೆ ನನ್ನೊಳಗೆ ಹಳೆಯ ಹುಮ್ಮಸ್ಸೊಂದು ಎದ್ದಿತು. ಒಂದು ನಂಬಿಕೆ ಒಬ್ಬ ಹೆಣ್ಣುಮಗಳ ಓದಿಗೆ ಅಡ್ಡ ಬಂದಿದೆ. ಇದಕ್ಕಿಂತ ಸ್ಪಷ್ಟವಾದ ವಿಷಯ ನನಗೆ ಯಾವ ವೇದಿಕೆಯಲ್ಲಿಯೂ ಸಿಕ್ಕಿರಲಿಲ್ಲ. ಚಾಚಾನ ಮಾಳಿಗೆಗೆ ಹೋಗುವುದು ನನಗೆ ಹಿಂದೆ ಸರಿದಂತೆ ಕಂಡಿತು.

ಸಂಜೆ ಕಟ್ಟೆಯ ಮೇಲೆ ಸೇರಿದ್ದ ಹಿರಿಯರ ಮುಂದೆ ಮಾತನಾಡಿದೆ. ಆಡುಗಳಿಗೆ ಮೇವಾಗಿ ಇದೇ ಗಿಡದ ಎಲೆತಪ್ಪಲು ಮುರಿಯುವುದಿಲ್ಲವೇ, ಹಲ್ಲುಜ್ಜಲು ಕಡ್ಡಿ ಕೀಳುವುದಿಲ್ಲವೇ, ತಾಯಿಯೆಂದು ಕರೆಯುವ ದೇವತೆ ಮಗಳ ಓದಿಗೆ ಮುನಿಯುವಳೇ ಎಂದು ಒಂದರ ಹಿಂದೊಂದು ಕೇಳಿದೆ. ಹಿರಿಯರೊಬ್ಬರು, "ನೀವು ಅನ್ನೂದು ಖರೆ ಐತ್ರಿ," ಎಂದು ಎದ್ದು ಹೋದರು. ಉಳಿದವರೂ ಎದ್ದರು. ನಾನು ಅದನ್ನು ಒಪ್ಪಿಗೆಯೆಂದು ಎಣಿಸಿದೆ. ಹೆಂಗಸರು ಆ ಕಟ್ಟೆಯ ಮೇಲೆ ಕೂರುವುದಿಲ್ಲವಾದ್ದರಿಂದ ಅತ್ತೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಕೊಡಲಿ ಹಿಡಿದು ಬಂದಾಗ ಸೊಸೆ ಬಾಗಿಲಿಗೆ ಬಂದಳು.

"ಸರ, ನಾಕು ದಿನ ನಾ ಪುಸ್ತಕ ನೋಡ್ಕೋತೇನ್ರಿ. ವಾಯರ್ ಬರಲಿ. ಗಿಡದ ತಂಟಿಗಿ ಹೋಗಬ್ಯಾಡ್ರಿ."

"ತಂಗಿ, ನೀವೂ ಹಿಂಗ ಹೆದರಿದ್ರ ಹ್ಯಾಂಗ? ಈ ಹೆದರಿಕೀನ ಮೊದಲ ಕಡೀಬೇಕಾಗಿದ್ದು."

"ನನಗ ಹೆದರಿಕಿ ಇಲ್ರಿ," ಎಂದಳು. "ನಾ ಇದ ಮನ್ಯಾಗ ಇರಬೇಕಲ್ರಿ."

ಆ ಮಾತು ಕೇಳಿಸಿತು. ಅದರ ಅರ್ಥಕ್ಕಾಗಿ ನಾನು ನಿಲ್ಲಲಿಲ್ಲ. ಕೊಡಲಿ ಹಿಡಿಯಲು ಊರಿನವರು ಯಾರೂ ಮುಂದೆ ಬಾರದಿದ್ದುದರಿಂದ ನಾನೇ ಹತ್ತಿ ಆ ಟೊಂಗೆ ಕಡಿದೆ. ಅದು ಅವಳ ಅಂಗಳದೊಳಗೇ ಬಿತ್ತು. ಮೂರು ಗಂಟೆಗೆ ಅಧ್ಯಾಪಕರು ಪರದೆಯ ಮೇಲೆ ಬಂದರು; ಗುಣಮಟ್ಟದ ಪಟ್ಟಿ ಹಿಂದೆಂದಿಗಿಂತ ಮೇಲಿತ್ತು. ಅತ್ತೆ ಆ ದಿನ ಟಿವಿಯ ಕಡೆಗೆ ಬರಲಿಲ್ಲ. ಹಿತ್ತಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಮಗುವಿಗೆ ಜ್ವರ ಬಂತು. ಮರುದಿನ ಎದೆಯ ಮೇಲೆ ನೀರುಗುಳ್ಳೆಗಳೆದ್ದವು. ಬೇಸಿಗೆಯಲ್ಲಿ ನಮ್ಮ ಕಡೆ ಮಕ್ಕಳಿಗೆ ಬರುವ ಸೀತಾಳೆ ಸಿಡುಬು ಅದು, ಅಮ್ಮ ಬಂದಳೆನ್ನುತ್ತಾರೆ; ಅಮ್ಮ ಹೋಗುವವರೆಗೆ ಮಗುವಿನ ತಾಯಿ ಮನೆ ಬಿಡುವಂತಿಲ್ಲ. ಸುದ್ದಿ ತಿಳಿದು ನಾನು ಹೋದಾಗ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿತ್ತು. ಅಮ್ಮ ಇರುವವರೆಗೆಂದು ಒಗ್ಗರಣೆ ಹಾಕುವುದನ್ನು ನಿಲ್ಲಿಸಿದ್ದರು. ಬಾಗಿಲ ಸಂದಿಯಿಂದ ಮಗುವಿನ ಹಾಸಿಗೆ ಕಂಡಿತು. ಅದರ ಮೇಲೆ ಹರಡಿದ್ದು ನಾನು ಕಡಿದು ಕೆಡವಿದ ಟೊಂಗೆಯ ಎಲೆಗಳು.

ಆರೋಗ್ಯ ಸಹಾಯಕರನ್ನು ಕೇಳಿಕೊಂಡೇ ಬಂದಿದ್ದೆ. ಹೊಸ್ತಿಲಾಚೆ ನಿಂತ ಅತ್ತೆಗೆ ಎಲ್ಲವನ್ನೂ ವಿವರಿಸಿದೆ: ಇದು ಹತ್ತು ಹನ್ನೆರಡು ದಿನಗಳಲ್ಲಿ ಹೋಗುತ್ತದೆ, ಮಗುವಿಗೆ ಅಪಾಯವಿಲ್ಲ, ತಾಯಿಗೆ ಚಿಕ್ಕಂದಿನಲ್ಲೇ ಬಂದುಹೋಗಿದೆ, ಸಿಂದಗಿಯ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರಲು ಒಂದೇ ದಿನ ಸಾಕು. ಅವರು ತಡೆಯದೆ ಕೇಳಿಸಿಕೊಂಡರು.

"ಮಾಸ್ತರ್ರ, ಆಕಿಗೆ ನೌಕರಿ ಆಗಲಿ ಅಂತ ನಿಮಗಿಂತ ಮೊದಲ ನಾ ಬೇಡ್ಕೊಂಡಾಕಿ. ಬರೇ ಅಮ್ಮ ಬಂದಿದ್ರ ಕೂಸಿನ ಮುಂದ ನಾ ಕೂಡ್ತಿದ್ದೆ, ಆಕಿನ್ನ ಕಳಸ್ತಿದ್ದೆ. ದ್ಯಾಮವ್ವಗ ಉಡಿ ತುಂಬ್ತೇನಿ ಅಂದಿದ್ರ ಆ ತಾಯಿ ಒಂದು ದಿನ ತಡಕೊಂತಿದ್ದಳು." ಅವರು ಗೋಡೆಯಾಚೆಗೆ, ಟೊಂಗೆ ಹೋದ ಜಾಗದ ಕಡೆಗೆ ನೋಡಿದರು. "ಈಗ ಗಿಡಾ ಕಡದೇವಿ. ಏನಂತ ಬೇಡ್ಕೊಳ್ಳಿ? ಏನರ ಹೆಚ್ಚುಕಮ್ಮಿ ಆತಂದ್ರ ಓಣಿ ಮಂದಿ ಆಕೀನ್ನ ಅಂತಾರ, ನಿಮ್ಮನ್ನಲ್ಲ."

ನಾನು ಮತ್ತೆ ಮಾತು ಹೂಡಿದೆ. ಕಾಕತಾಳೀಯವೆಂದರೇನು, ರೋಗಾಣುವೆಂದರೇನು, ಟೊಂಗೆ ಕಡಿಯುವ ಮೊದಲೇ ಆಲಮೇಲದಲ್ಲಿ ಎಷ್ಟು ಮಕ್ಕಳಿಗೆ ಇದು ಬಂದಿತ್ತು ಎಂದು ಒಂದೊಂದಾಗಿ ಹೇಳುತ್ತ ಹೋದೆ. ಪ್ರತಿಯೊಂದು ಮಾತೂ ಸರಿಯಾಗಿಯೇ ಇತ್ತು. ಎದುರಿಗಿದ್ದ ಮುದುಕಿಯ ಕಣ್ಣಲ್ಲಿ ನೀರು ಬಂದಿತ್ತು; ಆದರೂ ನಾನು ನಿಲ್ಲಿಸಲಿಲ್ಲ.

ಒಳಗಿನಿಂದ, ಮಗುವಿನ ಪಕ್ಕದಿಂದ, ಸೊಸೆಯ ದನಿ ಬಂತು. ದೊಡ್ಡ ದನಿಯೇನಲ್ಲ.

"ಸಾಕ್ರಿ ಸರ."

ಪರೀಕ್ಷೆಯ ದಿನ ನಾನು ಆಲಮೇಲದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಮೊದಲ ಬಸ್ಸು ಹೋಯಿತು, ಎರಡನೆಯದೂ ಹೋಯಿತು. ಕೇಂದ್ರದ ಬಾಗಿಲು ಮುಚ್ಚುವ ವೇಳೆ ದಾಟಿದೆಯೆಂದು ಗೊತ್ತಿದ್ದೂ ಮೂರನೆಯ ಬಸ್ಸು ಬರುವವರೆಗೆ ನಿಂತೆ. ಚೀಲದಲ್ಲಿ ಅವಳ ಕೋನಮಾಪಕವಿತ್ತು. ಪರೀಕ್ಷೆಗೆ ಅದು ಬೇಕಾಗುತ್ತದೆಂದು ಅಂದು ಮಾತ್ರ ಮರೆಯದೆ ತಂದಿದ್ದೆ.

ಮಗು ಗುಣವಾಯಿತು. ಅಂಗನವಾಡಿಗೆ ಬೇರೊಬ್ಬರು ಬಂದರು.

ಮುಂಗಾರು ಮುಗಿಯುವ ಹೊತ್ತಿಗೆ ಕಡಿದ ಟೊಂಗೆಯ ಬುಡದಿಂದ ಐದಾರು ಹೊಸ ಕೊಂಬೆಗಳೆದ್ದು ಚಿತ್ರ ಮತ್ತೆ ಒಡೆಯತೊಡಗಿದೆಯೆಂದು ಚಾಚಾ ಹೇಳಿ ಕಳುಹಿಸಿದ. ಬಿಜಾಪುರದಿಂದ ವಾಯರು ತಂದು, ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ಅತ್ತೆ ಹೊರಗೆ ಬಂದು ಕೂಗು ಹಾಕಿದರು: "ಮಾಳಿಗಿ ಏರಾಕತ್ತೇವ್ರೀ!" ಈ ಸಲ ಚಾಚಾ ಹುಂಜದ ಮಾತೆತ್ತಲಿಲ್ಲ, "ಏರ್ರಿ" ಎಂದಷ್ಟೇ ಅಂದ. ಗೋಡೆಗೆ ಪಟ್ಟಿ, ತೂಕದ ಗುಂಡು, ಮೂವತ್ತೈದು ಡಿಗ್ರಿ, ಒಂದೊಂದು ಕೂದಲು, ಐದೈದು ಎಣಿಕೆ. ಒಳಗಿನಿಂದ "ಬಂತ್ರಿ" ಎಂಬ ಸೊಸೆಯ ದನಿ ಕೇಳಿದಾಗ ಗಡಿಯಾರ ನೋಡಿದೆ. ಒಟ್ಟು ಅರ್ಧ ಗಂಟೆ ಹಿಡಿದಿತ್ತು.

ಮೆಕ್ಯಾನಿಕ್ ಸಾಮಾನು ಕಟ್ಟುತ್ತಿದ್ದಾಗ ನಾನು ಹೊಸ್ತಿಲ ಹತ್ತಿರ ಹೋಗಿ ಕೋನಮಾಪಕ ಚಾಚಿದೆ. ದಾರವೂ ಹುಣಸೆ ಬೀಜವೂ ಹಾಗೆಯೇ ಇದ್ದವು.

"ನಿಮ್ಮ ಕಡೇನ ಇರ್ಲಿ ತಗೋರಿ ಸರ," ಎಂದಳು. "ಮುಂದಿನ ಮನಿಗೆ ಬೇಕಾಗ್ತೈತಿ."

"ಬರೋ ವರ್ಷ ಮತ್ತ ಬರೀತೀರಲ್ಲ, ತಂಗಿ?"

ಅವಳಿಗೆ ಹೇಳಬೇಕಾದ ಕಾರಣಗಳೆಲ್ಲ ನಾಲಗೆಯ ತುದಿಗೆ ಬಂದಿದ್ದವು. ಈ ಸಲ ಅವಳೇ ಕಲಿಸಿದಂತೆ ಮಾತು ಕೈಬಿಟ್ಟು ಮನಸ್ಸಿನಲ್ಲಿ ಐದು ಎಣಿಸಿದೆ. ಮತ್ತೆ ಐದು ಎಣಿಸಿದೆ. ಒಳಗೆ ಅಧ್ಯಾಪಕರು ಒಂದು ಚುಕ್ಕೆಯೂ ಒಡೆಯದ ಚಿತ್ರದಲ್ಲಿ ಸಮೀಕರಣವೊಂದನ್ನು ಬಿಡಿಸುತ್ತಿದ್ದರು. ಅವಳು ಒಳಗೆ ಹೋಗಿ ಟಿವಿ ಆರಿಸಿ, ಮಗುವಿಗೆ ಉಣ್ಣಲು ನೀಡತೊಡಗಿದಳು.